ಎರಡು ಆಂಪಿಯರ್ ಕಡಿಮೆ

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಆಂಪಿಯರ್ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆಯುವಾಗ ಕೊನೆಗೊಂದು 'ಅಣ್ಣ' ಸೇರಿಸುತ್ತಿದ್ದರು, ಬೆನ್ನ ಹಿಂದೆ ಅದನ್ನೂ ಬಿಟ್ಟುಬಿಡುತ್ತಿದ್ದರು. ಯಾವ ಯಂತ್ರ ಏನು ತಕರಾರು ಮಾಡಿದರೂ ಅವನು ಮೊದಲು ಮಾಡುವುದು ಒಂದೇ ಕೆಲಸ. ಸೊಂಟದ ಚೀಲದಿಂದ ಕರೆಂಟು ಅಳೆಯುವ ಮೀಟರ್ ತೆಗೆದು, ಅದರ ಬಾಯಿಗೆ ವೈರು ಕೊಟ್ಟು, ಅಂಕಿ ಓದಿ, "ಇಷ್ಟು ಆಂಪಿಯರ್ ತಗೋತಿದೆ. ಮೋಟಾರು ಸರಿ ಇದೆ. ಸರಿ ಇಲ್ಲದೆ ಇರೋರು ನೀವು" ಎಂದು ಹೇಳಿ ಹೊರಟುಬಿಡುವುದು. ಹತ್ತರಲ್ಲಿ ಒಂಬತ್ತು ಸಲ ಅವನ ಮಾತು ನಿಜವೇ ಆಗುತ್ತಿತ್ತು. ಆ ಒಂಬತ್ತು ಸಲದ ಸಿಟ್ಟನ್ನು ಜನ ಹೊಟ್ಟೆಯಲ್ಲಿ ಇಟ್ಟುಕೊಂಡು ಹತ್ತನೆಯದಕ್ಕೆ ಕಾಯುತ್ತಿದ್ದರು.

ಕೋಪ ಅವನಿಗೆ ಮೂಗಿನ ತುದಿಯಲ್ಲಿ. ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ, ಅವನೂ ಕರೆಯುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಒಬ್ಬರಿಗೂ ಕೆಲಸ ಹೇಳಿಕೊಟ್ಟವನಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ನೋಡಿದರೆ ಬೆನ್ನು ತಿರುಗಿಸಿ ಸ್ಕ್ರೂ ಬಿಚ್ಚುವ ಜಾತಿ. ಆದರೆ ಕೈಗುಣ ಮಾತ್ರ ದೊಡ್ಡದು, ಅದನ್ನು ಅವನ ಶತ್ರುಗಳೂ ಒಪ್ಪಿಕೊಳ್ಳುತ್ತಿದ್ದರು. ಸುಟ್ಟ ಮೋಟಾರಿನ ತಂತಿ ಕಿತ್ತು ಹೊಸ ತಂತಿ ಸುತ್ತಲು ಕೂತನೆಂದರೆ ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ.

ಅವನ ಮಾತನ್ನು ಪೂರ್ತಿ ನಂಬುವ ಜೀವವೊಂದು ಈ ಲೋಕದಲ್ಲಿ ಇತ್ತೆಂದರೆ ಅದು ಅವನ ಹೆಂಡತಿ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಅಲ್ಲಿ ಮಾತ್ರ ಅವನ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ನೆರೆಮನೆಯವರು, "ನಿಮ್ಮನೆಯವರದು ಬಾಯಿ ಬಹಳ ಜೋರು ಬಿಡಿ" ಎಂದರೆ ಅವಳು, "ಜೋರಿರಬಹುದು. ಸುಳ್ಳು ಬರಲ್ಲ ಅವರಿಗೆ" ಎನ್ನುತ್ತಿದ್ದಳು. ಆ ನಂಬಿಕೆಗೋಸ್ಕರ ಅವಳು ಒಡಹುಟ್ಟಿದ ತಮ್ಮನನ್ನೇ ಬಿಟ್ಟವಳು. ಅದರ ಕಥೆ ಹೀಗೆ.

ಕಾರ್ಖಾನೆಯ ಹಿಂಭಾಗದಲ್ಲಿ ನೂಲು ಒಣಗಿಸುವ ಒಂದು ತಗಡಿನ ಕೋಣೆ. ಬಣ್ಣದಲ್ಲಿ ಅದ್ದಿ ಹಿಂಡಿದ ನೂಲಿನ ಲಡಿಗಳನ್ನು ಕೋಲುಗಳಿಗೆ ನೇತುಹಾಕಿ, ಬಾಗಿಲು ಮುಚ್ಚಿ, ಎರಡು ಗಂಟೆ ಬಿಸಿಗಾಳಿ ಬಿಡುವುದು. ಗಾಳಿ ಬಿಡುವ ಫ್ಯಾನು ಕೋಣೆಯ ನೆತ್ತಿಯ ಮೇಲೆ, ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಗೂಡಿನೊಳಗೆ ಕೂತಿತ್ತು. ಅದನ್ನು ಬೆಲ್ಟ್ ಹಾಕಿ ತಿರುಗಿಸುವುದು ಪಕ್ಕದ ಮೋಟಾರು. ಆ ಮೋಟಾರನ್ನು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಗಿತ್ತೋ. ಅದರ ಅಳತೆಗಳೆಲ್ಲ ಇಂಚಿನಲ್ಲಿ, ಅದರ ಜೊತೆಯದು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅದೊಮ್ಮೆ ಸುಟ್ಟಿತು. ಹೊರಗಿನ ವೈಂಡಿಂಗ್ ಅಂಗಡಿಯವರು ಹದಿನೈದು ದಿನ ಕೇಳಿದರು. ಆಂಪಿಯರ್ ಎರಡೇ ದಿನದಲ್ಲಿ ತಾನೇ ಸುತ್ತಿ, ವಾರ್ನಿಶ್ ಹುಯ್ದು, ಒಣಗಿಸಿ ಕೂರಿಸಿದ. ಮೂರು ವೈರು ಜೋಡಿಸಿ ಚಾಲೂ ಮಾಡಿ ಗಾಳಿಯ ಕಿಂಡಿಗೆ ಒಂದು ಕಾಗದದ ಚೂರು ಹಿಡಿದ. ಅದು ಪಟಪಟ ಹಾರಿತು. ಮೀಟರ್ ಹಾಕಿದ. ಮೊದಲು ಹನ್ನೊಂದು ಆಂಪಿಯರ್ ತಿನ್ನುತ್ತಿದ್ದ ಮೋಟಾರು ಈಗ ಒಂಬತ್ತೇ ತಿನ್ನುತ್ತಿತ್ತು! "ಎರಡು ಆಂಪಿಯರ್ ಕಡಿಮೆ. ಕಂಪನಿಯವನು ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿದೀನಿ" ಎಂದು ಒಂದು ವಾರ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ.

ಒಣಗಿಸುವ ಕೋಣೆ ನೋಡಿಕೊಳ್ಳುತ್ತಿದ್ದವನು ಅವನ ಬಾಮೈದ, ಹೆಂಡತಿಯ ತಮ್ಮ. ಕೆಲಸಕ್ಕೆ ಸೇರಿಸಿದ್ದು ಆಂಪಿಯರೇ. ಮೂರನೇ ದಿನ ಆತ ಬಂದು, "ಭಾವ, ಗಾಳಿಗೆ ಮೊದಲಿನ ಜೋರಿಲ್ಲ. ಎರಡು ಗಂಟೆ ಆದ್ಮೇಲೂ ಲಡಿ ಒಳಗಡೆ ತಣ್ಣಗೇ ಇರುತ್ತೆ" ಎಂದ.

"ನಿನ್ನ ಕೈ ತಣ್ಣಗಿರಬೇಕು. ಉಜ್ಜಿಕೊಂಡು ನೋಡು."

ಮತ್ತೆರಡು ಸಲ ಬಂದ. ಮತ್ತೆರಡು ಸಲ ಬೈಸಿಕೊಂಡು ಹೋದ. ಸೂಪರ್‌ವೈಸರ್‌ಗೆ ಹೇಳಿದರೆ, "ಎರಡು ಗಂಟೆ ಅಂದ್ರೆ ಎರಡು ಗಂಟೆ, ತೆಗಿ ಹೊರಗೆ" ಎಂದ. ತೆಗೆದ. ಇಪ್ಪತ್ತು ದಿನಕ್ಕೆ ಗೋದಾಮಿನಲ್ಲಿ ಕಟ್ಟಿಟ್ಟ ನೂಲಿನ ಮೂಟೆಗಳಿಗೆ ಒಳಗಿಂದ ಬೂಷ್ಟು ಹಿಡಿಯಿತು. ಕೊಂಡವರು ಲಾರಿ ಸಮೇತ ಮಾಲು ವಾಪಸ್ಸು ಕಳಿಸಿದರು.

ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಬಾಮೈದ ಮೇಜಿನ ಈ ಕಡೆ ಕೈ ಕಟ್ಟಿ ನಿಂತಿದ್ದ. ಮೋಟಾರಿನಲ್ಲಿ ಏನಾದರೂ ದೋಷ ಇದೆಯೇ ಎಂದು ಮ್ಯಾನೇಜರ್ ಕೇಳಿದಾಗ ಆಂಪಿಯರ್ ಕೆರಳಿದ. "ಮೋಟಾರು ಮೊದಲಿಗಿಂತ ಚೆನ್ನಾಗಿದೆ ಸಾರ್. ಎರಡು ಆಂಪಿಯರ್ ಕಡಿಮೆ ತಗೋತಿದೆ. ಕೋಣೆ ಬಾಗಿಲು ಮುಚ್ಚಿ ಮಲಗಿಬಿಟ್ರೆ ನೂಲು ತಾನಾಗೇ ಒಣಗುತ್ತಾ?"

ಬಾಮೈದ ಮಲಗಿದ್ದನ್ನು ಅವನು ಕಂಡಿರಲಿಲ್ಲ. ಮೋಟಾರು ಸರಿ ಇದ್ದ ಮೇಲೆ ಮನುಷ್ಯ ಮಲಗಿಯೇ ಇರಬೇಕು ಎಂಬುದು ಅವನು ತೆಗೆದ ತೀರ್ಮಾನ. ಆದರೆ ಮ್ಯಾನೇಜರಿಗೆ ಸ್ವಂತ ಭಾವನ ಬಾಯಿಂದ ಬಂದ ಮಾತು ಸಾಕಾಯಿತು. ಅವತ್ತೇ ಬಾಮೈದನನ್ನು ಗೇಟಿನಾಚೆ ಕಳಿಸಿದರು. ಅವನ ಜಾಗಕ್ಕೆ ಬಂದವನು ಮ್ಯಾನೇಜರ ಕಡೆಯವನು. ಅವನೂ ನೂಲು ಒಣಗುತ್ತಿಲ್ಲ ಎಂದ, ಮೂರೂವರೆ ಗಂಟೆ ಬೇಕು ಎಂದ. ತುಟಿ ಪಿಟ್ಟೆನ್ನದೆ ಕೊಟ್ಟರು. ಯಂತ್ರಕ್ಕೆ ವಯಸ್ಸಾಯಿತು ಎಂದುಕೊಂಡರು.

ಹೊರಹಾಕಿಸಿಕೊಂಡವನಿಗೆ ಊರಿನ ಬೇರೆ ಯಾವ ಕಾರ್ಖಾನೆಯಲ್ಲೂ ಯಂತ್ರದ ಕೆಲಸ ಹುಟ್ಟಲಿಲ್ಲ. ಹೋದ ಕಡೆಯೆಲ್ಲ ಅವನಿಗಿಂತ ಮೊದಲು 'ನಿದ್ದೆಪ್ಪ' ಎಂಬ ಹೆಸರು ಹೋಗಿ ಕೂತಿರುತ್ತಿತ್ತು. ಕೊನೆಗೆ ಸಿಮೆಂಟ್ ಗೋದಾಮೊಂದರ ಗೇಟು ಕಾಯುವ ಕೆಲಸ ಸಿಕ್ಕಿತು. ಅದಕ್ಕೂ ಮೊದಲು ಒಂದು ದಿನ ಅಕ್ಕನ ಮನೆಗೆ ಬಂದಿದ್ದ. ಮಕ್ಕಳ ಮೇಲೆ ಆಣೆ ಹಾಕಿ, "ಅಕ್ಕಾ, ನಾನು ಮಲಗಿಲ್ಲ" ಎಂದ. ಅವಳು ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ತಮ್ಮನನ್ನು ಬಾಗಿಲ ಹೊರಗೇ ನಿಲ್ಲಿಸಿ, ಒಳಗೆ ಹೋಗಿ ಗಂಡನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಉತ್ತರ ತೆಗೆದುಕೊಂಡು ಹೊರಗೆ ಬಂದು, "ಹಾಳಾದವನೇ, ತಪ್ಪಾಯ್ತು ಅಂದಿದ್ರೆ ಮುಗೀತಿತ್ತು. ಮಕ್ಕಳ ಮೇಲೆ ಸುಳ್ಳು ಆಣೆ ಹಾಕ್ತೀಯಾ?" ಎಂದು ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಬರಲಿಲ್ಲ. ಅವನ ಮಗಳ ಮದುವೆಗೂ ಅವಳು ಹೋಗಲಿಲ್ಲ.

ಒಂಬತ್ತು ವರ್ಷ ಹೀಗೆ ಕಳೆದು, ಆಂಪಿಯರ್ ನಿವೃತ್ತಿಗೆ ಇನ್ನು ಐದು ತಿಂಗಳಿದೆ ಎನ್ನುವಾಗ ಆ ಮೋಟಾರು ಇನ್ನೊಮ್ಮೆ ಕೈಕೊಟ್ಟಿತು. ಈ ಸಲ ತಂತಿ ಸುಟ್ಟಿರಲಿಲ್ಲ. ನಡುವಿನ ತಿರುಗುವ ಶಾಫ್ಟು ಬಿರುಕು ಬಿಟ್ಟಿತ್ತು, ಒಂದು ಕಾಲೂ ಮುರಿದಿತ್ತು. ಅವನು ವೆಲ್ಡಿಂಗ್ ಮಾಡಿಸುತ್ತೇನೆ ಎಂದ. ಆರು ತಿಂಗಳ ಹಿಂದೆ ಬಂದ ಇಂಜಿನಿಯರಮ್ಮ ಮುರಿದ ಕಾಲನ್ನು ಚಪ್ಪಲಿಯ ತುದಿಯಿಂದ ತಳ್ಳಿ ನೋಡಿ, "ಇದು ಮುಗೀತು. ಹೊಸದು ತರಿಸ್ತೀನಿ" ಎಂದಳು.

"ಹೊಸದು ಇದರ ಮೇಲೆ ಕೂರಲ್ಲ ಮೇಡಂ. ಅಳತೇನೇ ಬೇರೆ."

"ಕೂರಿಸೋಕೆ ತಾನೆ ನಿಮಗೆ ಸಂಬಳ ಕೊಡೋದು?"

ಅವನು ಹಲ್ಲು ಕಚ್ಚಿದ. ಅವಳೂ ಕಚ್ಚಿದ್ದಳು. ಆರು ತಿಂಗಳಿಂದ ಅವಳು ಕೇಳಿದ ಒಂದು ಪ್ರಶ್ನೆಗೂ ಅವನು ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ.

ಹೊಸ ಮೋಟಾರು ಮರದ ಪೆಟ್ಟಿಗೆಯಲ್ಲಿ ಬಂತು. ಕುದುರೆಶಕ್ತಿ ಅಷ್ಟೇ, ವೇಗವೂ ಅಷ್ಟೇ. ಆದರೆ ಹಳೆಯದಕ್ಕಿಂತ ಅರ್ಧ ಇಂಚು ಕುಳ್ಳು, ಶಾಫ್ಟು ಸಣ್ಣ, ಕಾಲಿನ ತೂತುಗಳು ಒಂದಕ್ಕೂ ಹೊಂದಲಿಲ್ಲ. ಆಂಪಿಯರ್ ಅದನ್ನು ಕಂಡವರ ಮುಂದೆಲ್ಲ ಬೈಯುತ್ತ, ಬೈಯುತ್ತಲೇ ಮೂರು ದಿನ ದುಡಿದ. ಅಡಿಗೆ ಕಬ್ಬಿಣದ ಹಲಗೆ ಹಾಕಿ ಎತ್ತರ ಸರಿಮಾಡಿದ. ಶಾಫ್ಟಿಗೂ ಬೆಲ್ಟಿನ ರಾಟೆಗೂ ನಡುವಿನ ಸಂದಿಗೆ ಲೇತಿನಲ್ಲಿ ಬಳೆಯಂಥ ಒಂದು ಬುಷ್ ಮಾಡಿಸಿದ. ಅದನ್ನು ಮಾಡಿದ ಲೇತ್ ಮೇಸ್ತ್ರಿಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬುಷ್ ಕೂದಲೆಳೆ ದಪ್ಪ ಇದೆ ಎಂದು ಆಂಪಿಯರ್ ಎರಡು ಸಲ ವಾಪಸ್ಸು ಕೊಟ್ಟ. ಎರಡು ರಾಟೆಗಳ ನಡುವೆ ದಾರ ಹಿಡಿದು, ಒಂದೇ ಗೆರೆಗೆ ಬರುವವರೆಗೂ ಬಿಡಲಿಲ್ಲ. ಹಳೆಯದನ್ನು ಬಿಚ್ಚುವ ಮೊದಲೇ ರಾಟೆ ಯಾವ ಕಡೆಗೆ ತಿರುಗುತ್ತಿತ್ತು ಎಂದು ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದ.

ವೈರು ಜೋಡಿಸಿ, ಏಣಿಯ ಮೇಲಿಂದಲೇ, "ಒಂದು ಸಲ ಒತ್ತಿ ಬಿಡು, ಯಾವ ಕಡೆ ತಿರುಗುತ್ತೆ ನೋಡೋಣ" ಎಂದು ಕೂಗಿದ. ಕೆಳಗಿದ್ದ ಮ್ಯಾನೇಜರ ಕಡೆಯವನು ಒತ್ತಿದ, ಬಿಡಲಿಲ್ಲ. ಫ್ಯಾನು ವೇಗ ಹಿಡಿಯಿತು. ತಗಡಿನ ಕೋಣೆ ಗುಡುಗಿತು. ಬಾಗಿಲಿನ ಚಿಲಕ ಕಿತ್ತು ಹಾರಿ, ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ನೂಲಿನ ಧೂಳೆಲ್ಲ ಹೊರಗೆ ನುಗ್ಗಿ ಇಂಜಿನಿಯರಮ್ಮನ ತಲೆಯ ಮೇಲೆ ಬಿತ್ತು. ಜನ ಹೋ ಎಂದು ನಕ್ಕರು. "ಏನ್ ಗಾಳಿ ಮಾರಾಯ!" ಎಂದರು.

ಆಂಪಿಯರ್ ಮಾತ್ರ ರಾಟೆಯನ್ನೇ ನೋಡುತ್ತಿದ್ದ. ಅದು ಸೀಮೆಸುಣ್ಣದ ಗುರುತಿಗೆ ವಿರುದ್ಧವಾಗಿ ತಿರುಗುತ್ತಿತ್ತು.

ನಿಲ್ಲಿಸಿದ ಮೇಲೆ, ದಿಕ್ಕು ಬದಲಿಸಲೆಂದು ಎರಡು ವೈರು ಅದಲುಬದಲು ಮಾಡಲು ಕೈ ಹಾಕಿದವನು ಅಲ್ಲೇ ತಡೆದ. ಉಲ್ಟಾ ತಿರುಗುವ ಫ್ಯಾನಿಗೆ ಇಷ್ಟು ಗಾಳಿ ಎಲ್ಲಿಂದ ಬಂತು? ತಂತಿಯ ಬ್ರಷ್ ತೆಗೆದುಕೊಂಡು ಕಬ್ಬಿಣದ ಗೂಡಿನ ಬಣ್ಣವನ್ನು ಗಸಗಸ ಉಜ್ಜಿದ. ನಾಲ್ಕು ಪದರ ಬಣ್ಣದ ಕೆಳಗೆ, ಮಾಡಿದವರೇ ಅಚ್ಚು ಹಾಕಿದ ಬಾಣದ ಗುರುತು ಸಿಕ್ಕಿತು. ಹೊಸ ಮೋಟಾರು ತಿರುಗಿದ ಕಡೆಗೇ ಅದು ಮುಖ ಮಾಡಿತ್ತು.

ಚಾವಣಿಯ ಫ್ಯಾನು ಉಲ್ಟಾ ತಿರುಗಿದರೆ ಗಾಳಿಯೂ ಉಲ್ಟಾ ಹೋಗುತ್ತದೆ, ಕುರುಡನಿಗೂ ತಿಳಿಯುತ್ತದೆ. ಗೂಡಿನೊಳಗಿನ ಈ ಜಾತಿಯ ಫ್ಯಾನು ಹಾಗಲ್ಲ. ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಅರ್ಧಕ್ಕರ್ಧ ಕಡಿಮೆ ಬರುತ್ತದೆ ಅಷ್ಟೆ. ಕಾಗದದ ಚೂರು ಹಾರಲು ಅಷ್ಟು ಸಾಕು. ತಳ್ಳುವ ಗಾಳಿ ಕಡಿಮೆಯಾದ್ದರಿಂದ ಮೋಟಾರಿಗೆ ಭಾರವೂ ಕಡಿಮೆ, ಕರೆಂಟೂ ಕಡಿಮೆ. ಎರಡು ಆಂಪಿಯರ್ ಕಡಿಮೆ! ಅವನು ಊರೆಲ್ಲ ಡಂಗುರ ಹೊಡೆದದ್ದು ತನ್ನ ತಪ್ಪನ್ನೇ. ಒಂಬತ್ತು ವರ್ಷದ ಹಿಂದೆ ಎರಡು ವೈರು ಅದಲುಬದಲಾಗಿ ಕೂತಿದ್ದವು. ಬಾಮೈದ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕೆಳಗೆ ಇಂಜಿನಿಯರಮ್ಮ ತಲೆ ಕೊಡವಿಕೊಳ್ಳುತ್ತ, "ಎಲ್ಲ ಸರಿ ಇದೆಯಾ?" ಎಂದು ಕೂಗಿದಳು. ಅವನು ಅಂಗೈಯಿಂದ ಸೀಮೆಸುಣ್ಣದ ಗುರುತು ಒರೆಸಿದ. ಬಾಣದ ಮೇಲೆ ಒಂದು ಮುದ್ದೆ ಗ್ರೀಸು ಬಳಿದ. "ಸರಿ ಇದೆ" ಎಂದು ಇಳಿದು ಬಂದ.

ಬಾಯಿ ಬಿಡುವ ಯೋಚನೆ ಅವನಿಗೆ ಖಂಡಿತ ಇರಲಿಲ್ಲ. ಐದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡರೆ ಮರ್ಯಾದೆಯಾಗಿ ಮನೆಗೆ ಹೋಗಬಹುದು. ಹೊರಗೆ ಬಂದರೆ ಕಾರ್ಖಾನೆಯವರು ಆಡಿಕೊಳ್ಳುವುದು ಹಾಗಿರಲಿ, ಅದಕ್ಕೆ ಅವನು ಸೊಪ್ಪು ಹಾಕುವವನಲ್ಲ. ಹೆದರಿಕೆ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮನೆಯಲ್ಲಿ. ಅಲ್ಲಿ ಅವನ ಮಾತಿಗೆ ಇದ್ದ ಬೆಲೆ ಒಂದು ಸಲ ಹೋದರೆ ಮತ್ತೆ ಹುಟ್ಟುವಂಥದ್ದಲ್ಲ. ಆ ನಾಲ್ಕು ದಿನ ಹೆಂಡತಿ ಬಡಿಸಿದ್ದನ್ನು ತಲೆ ಎತ್ತದೆ ತಿಂದು ಎದ್ದ. "ಹುಷಾರಿಲ್ವಾ?" ಎಂದು ಅವಳು ಕೇಳಿದ್ದಕ್ಕೆ ಸಿಡುಕಿದ.

ಕಾರ್ಖಾನೆಯಲ್ಲಿ ನೂಲು ಎರಡೇ ಗಂಟೆಗೆ ಗರಿಗರಿಯಾಗಿ ಒಣಗತೊಡಗಿತು. ಶಭಾಷ್‌ಗಿರಿಯೆಲ್ಲ ಹೊಸ ಮೋಟಾರಿಗೆ. "ಆಂಪಿಯರಣ್ಣ ಆ ಹೆಣಾನ ಒಂಬತ್ತು ವರ್ಷ ಹೆಗಲ ಮೇಲೆ ಹೊತ್ಕೊಂಡು ತಿರುಗಿದ್ರಲ್ಲಪ್ಪ" ಎಂದು ಒಬ್ಬ ಅಂದ. ಅವನು ನುಂಗಿಕೊಂಡ. "ಮೊದಲೇ ಬದಲಾಯಿಸಬಹುದಿತ್ತು" ಎಂದು ಇಂಜಿನಿಯರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅದನ್ನೂ ನುಂಗಿದ.

ಐದನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ, ಗುಜರಿ ರಾಶಿಯ ಹತ್ತಿರ ಲೇತ್ ಮೇಸ್ತ್ರಿ ಹಳೆ ಮೋಟಾರಿನ ಮೇಲೆ ಕಾಲಿಟ್ಟು ನಿಂತಿದ್ದ. ಸುತ್ತ ಹತ್ತು ಹನ್ನೆರಡು ಜನ. ಆಂಪಿಯರ್ ಬರುವುದನ್ನು ನೋಡಿಯೇ ಅವನು ದನಿ ಎತ್ತಿದ. "ಕೂದಲೆಳೆ ದಪ್ಪ ಅಂತ ನನ್ನ ಬುಷ್ ವಾಪಸ್ ಕೊಡ್ತಾರೆ. ಇವರು ಸುತ್ತಿರೋ ವೈಂಡಿಂಗ್ ನೋಡಿ. ಕೈಲಾಗದವನ ವೈಂಡಿಂಗು. ಗಾಳಿ ಎಲ್ಲಿಂದ ಬರಬೇಕು?"

ಉಳಿದದ್ದೆಲ್ಲ ಸಹಿಸಿದವನಿಗೆ ಇದೊಂದು ಸಹಿಸಲಾಗಲಿಲ್ಲ. ಅವನ ಜೀವಮಾನದಲ್ಲಿ ಕಳಂಕವಿಲ್ಲದೆ ಉಳಿದಿದ್ದು ಆ ಸುತ್ತುಗಳು ಮಾತ್ರ.

"ಕಾಲು ತೆಗಿಯೋ!" ಎಂದು ಗುಡುಗಿದ. "ವೈಂಡಿಂಗ್ ಬಗ್ಗೆ ಮಾತಾಡ್ತೀಯಾ? ಬಿಚ್ಚಿ ಎಣಿಸು, ಒಂದು ಸುತ್ತು ತಪ್ಪಿದ್ರೆ ನನ್ನ ಕೈ ಕಡಿ. ಮೋಟಾರಿಗೆ ಏನೂ ಆಗಿರ್ಲಿಲ್ಲ ಕಣೋ! ಉಲ್ಟಾ ತಿರುಗ್ತಿತ್ತು! ಎರಡು ವೈರು ಅದಲುಬದಲಾಗಿತ್ತು, ಅಷ್ಟೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅದರ ಅರ್ಥ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಲೇತ್ ಮೇಸ್ತ್ರಿಗೆ. ಅವನು ಮೋಟಾರಿನ ಮೇಲಿಂದ ನಿಧಾನವಾಗಿ ಕಾಲು ತೆಗೆದ.

"ಒಂಬತ್ತು ವರ್ಷ ಉಲ್ಟಾ ತಿರುಗ್ತಿತ್ತಾ? ಹಾಗಾದ್ರೆ ನಿಮ್ಮ ಬಾಮೈದ ಮಲಗಿರ್ಲಿಲ್ಲ."

ಹತ್ತನೇ ಸಲಕ್ಕೆ ಕಾದಿದ್ದವರಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಬೈಯಲಾದರೂ ದಾರಿ ಇರುತ್ತಿತ್ತು. ಇಂಜಿನಿಯರಮ್ಮ ಅವನನ್ನು ಕೋಣೆಗೆ ಕರೆಸಿ, "ನಿಮಗೆ ಯಾವತ್ತು ಗೊತ್ತಾಯ್ತು?" ಎಂದು ಕೇಳಿದಳು. "ಚಾಲೂ ಮಾಡಿದ ದಿನ" ಎಂದ. ಅವಳು ಒಂದು ಕಾಗದ ಮುಂದಕ್ಕೆ ತಳ್ಳಿದಳು. "ಬರೆದು ಸಹಿ ಮಾಡಿ. ಒಬ್ಬರ ಕೆಲಸ ಹೋಗಿದೆ ಇದರಿಂದ." ಬರೆದ. ಮೂರು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು.

ಅಲ್ಲಿಂದ ರಜೆ ಹಾಕಿ ನೆಟ್ಟಗೆ ಸಿಮೆಂಟ್ ಗೋದಾಮಿಗೆ ಹೋದ. ಗೇಟಿನ ಪಕ್ಕ ಕಬ್ಬಿಣದ ಕುರ್ಚಿಯ ಮೇಲೆ ಬಾಮೈದ ಕೂತಿದ್ದ. ರೆಪ್ಪೆಯ ಮೇಲೂ ಸಿಮೆಂಟಿನ ಧೂಳು. ಭಾವನನ್ನು ನೋಡಿ ಏಳಲಿಲ್ಲ.

ಆಂಪಿಯರ್ ನಿಂತುಕೊಂಡೇ ಹೇಳಿದ. ವೈರು, ಬಾಣ, ಗಾಳಿ ಎಲ್ಲ. ಬಾಮೈದ ಮಧ್ಯೆ ಎದ್ದು ಒಂದು ಲಾರಿ ಒಳಗೆ ಬಿಟ್ಟು, ನಂಬರ್ ಬರೆದುಕೊಂಡು, ಮತ್ತೆ ಬಂದು ಕೂತ.

"ಆಯ್ತಾ?" ಎಂದ.

"ತಪ್ಪಾಯ್ತು ಕಣಯ್ಯಾ."

"ನಾನು ಮಲಗಿರ್ಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಭಾವ. ನನಗ್ಯಾಕೆ ಬಂದು ಹೇಳ್ತೀರಿ? ಗೊತ್ತಿಲ್ಲದೆ ಇರೋದು ಅಕ್ಕನಿಗೆ. ಅವಳಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ಇಲ್ಲೇನು ಮಾಡ್ತಿದೀರಿ? ಲಾರಿ ಬರುತ್ತೆ, ದಾರಿ ಬಿಡಿ."

ಅವನು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಇಷ್ಟು ಬೇಗ ಯಾಕೆ ಬಂದಿರಿ ಎಂದು ಕೇಳಿದಳು. ಅವನು ಫ್ಯಾನಿನಿಂದ ಶುರು ಮಾಡಿದ. ಈ ಜಾತಿಯ ಫ್ಯಾನು ಉಲ್ಟಾ ತಿರುಗಿದರೂ ಗಾಳಿ ಹೇಗೆ ಅದೇ ಕಡೆ ಬರುತ್ತದೆ ಎಂದು ಕೈ ತಿರುಗಿಸಿ ತೋರಿಸಿದ. ಅವಳು ಅವನ ಕೈ ನೋಡುತ್ತಿರಲಿಲ್ಲ.

"ನನಗೆ ಫ್ಯಾನು ಬೇಡ" ಎಂದಳು. "ಅವನು ಮಲಗಿದ್ನಾ ಇಲ್ವಾ? ಅಷ್ಟು ಹೇಳಿ."

"ಇಲ್ಲ."

ಮಡಿಸುತ್ತಿದ್ದ ಅಂಗಿ ಅವಳ ತೊಡೆಯ ಮೇಲೇ ನಿಂತಿತು.

"ಅವತ್ತು ಅವನನ್ನ ಬಾಗಿಲಲ್ಲಿ ನಿಲ್ಲಿಸಿ ನಾನು ನಿಮ್ಮನ್ನ ಕೇಳಿದ್ನಲ್ಲ. ನೀವು ಕಣ್ಣಾರೆ ನೋಡಿದ್ರಾ ಅಂತ ಕೇಳಿದ್ನಲ್ಲ ರೀ. ಹೂಂ ಅಂದ್ರಿ."

ಮೀಟರ್ ತಪ್ಪು ಹೇಳಿತು, ಬಣ್ಣ ಮುಚ್ಚಿಕೊಂಡಿತ್ತು, ಕಾಗದ ಹಾರಿತ್ತು ಎಂದು ಹೇಳಲು ಅವನ ಹತ್ತಿರ ಬೇಕಾದಷ್ಟು ಮಾತಿತ್ತು. ಆ ಹೂಂ ಮಾತ್ರ ಯಾವ ವೈರಿನ ತಪ್ಪೂ ಆಗಿರಲಿಲ್ಲ.

"ಮೋಟಾರು ಸರಿ ಇದೆ ಅಂದ್ಕೊಂಡಿದ್ದೆ ಕಣೆ" ಎಂದ.

ಅವಳು ಅಂಗಿಯನ್ನು ಪೂರ್ತಿ ಮಡಿಸಿ ಪಕ್ಕಕ್ಕಿಟ್ಟಳು. ಎದ್ದು ಮುಖ ತೊಳೆದು, ಸೀರೆ ಸರಿ ಮಾಡಿಕೊಂಡು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದಳು. ಅವನೂ ಎದ್ದ.

"ನಾನೂ ಬರ್ತೀನಿ."

"ಬೇಡ. ಅವತ್ತು ಅವನ ಮುಖಕ್ಕೆ ಹೊಡೆದ ಹಾಗೆ ಅಂದೋಳು ನಾನು. ಅವನ ಮಗಳ ಮದುವೆಗೆ ಹೋಗದೆ ಇದ್ದೋಳು ನಾನು. ಅದನ್ನ ನೀವು ಬಂದು ಹೇಳೋಕಾಗಲ್ಲ."

ಮೆಟ್ಟಿಲಿಳಿಯುವ ಸದ್ದು ಶುರುವಾಯಿತು. ಅವನು ಬಾಗಿಲಿಗೆ ಬಂದು ಕಂಬಿ ಹಿಡಿದು ಬಗ್ಗಿದ.

"ವಾಪಸ್ ಬರ್ತೀಯಲ್ಲ?"

ಅವಳು ತಿರುವಿನಲ್ಲಿ ನಿಂತು ತಲೆ ಎತ್ತಿ ಅವನನ್ನು ನೋಡಿದಳು.

"ಗೊತ್ತಿಲ್ಲ" ಎಂದಳು. "ಗೊತ್ತಿಲ್ಲದ್ದಕ್ಕೆ ನಾನು ಹೂಂ ಅನ್ನಲ್ಲ."